ಯಾವ ಬ್ರೌಸರ್‌ನಲ್ಲಿ ತೆರೆದರೂ ಕನ್ನಡ ಪುಟ ಕೆಡದಿರಲು

ಒಂದೇ ಜಾಲಪುಟ. ಮಾಡಿದವರ ಕಂಪ್ಯೂಟರಿನಲ್ಲಿ ಅಚ್ಚುಕಟ್ಟಾಗಿದೆ. ಅದನ್ನೇ ಐಫೋನಿನಲ್ಲಿ ತೆರೆದರೆ ಅರ್ಜಿಯ ‘ಸಲ್ಲಿಸಿ’ ಗುಂಡಿ ಪರದೆಯ ಆಚೆ ಸರಿದುಹೋಗಿದೆ. ಮತ್ತೊಬ್ಬರ ಲ್ಯಾಪ್‌ಟಾಪಿನಲ್ಲಿ ಒತ್ತಕ್ಷರಗಳ ಬುಡ ಕತ್ತರಿಸಿದೆ. ಇನ್ನೆಲ್ಲೋ ಕನ್ನಡ ಇರಬೇಕಾದ ಕಡೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ಸಾಲು. ಕೇಳಿದರೆ ‘ನಮ್ಮಲ್ಲಿ ಸರಿಯಾಗೇ ಬರ್ತಿದೆಯಲ್ಲ, ನಿಮ್ಮ ಬ್ರೌಸರ್ ಬದಲಾಯಿಸಿ ನೋಡಿ’ ಎಂಬ ಉತ್ತರ. ಇಪ್ಪತ್ತು ವರ್ಷಗಳ ಹಿಂದೆ ಆ ಉತ್ತರದಲ್ಲಿ ಸ್ವಲ್ಪ ಹುರುಳಿತ್ತು. ಈಗ ಬ್ರೌಸರ್‌ಗಳು ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನ ಮಾನಕವನ್ನು ಎಂದೂ ಇಲ್ಲದಷ್ಟು ಒಮ್ಮತದಿಂದ ಪಾಲಿಸುತ್ತಿವೆ. ತೊಂದರೆ ಬಹುಮಟ್ಟಿಗೆ ಪುಟದಲ್ಲೇ ಇರುತ್ತದೆ, ಅದನ್ನು ಸರಿಪಡಿಸುವುದು ನಮ್ಮ ಕೈಯಲ್ಲೇ ಇದೆ.

ಶಾಲೆ, ಸಹಕಾರ ಸಂಘ, ಪ್ರಕಾಶನ, ಅಂಗಡಿ ಮುಂತಾದವುಗಳಿಗೆ ಕನ್ನಡದಲ್ಲಿ ಪುಟ ಮಾಡುವವರಿಗೆ, ಹಣ ಕೊಟ್ಟು ಮಾಡಿಸುವವರಿಗೆ ಈ ಬರಹ. ಮಾಡಿಸುವವರೂ ಇದನ್ನು ತಿಳಿದಿರಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಕೆಲಸ ಒಪ್ಪಿಸಿಕೊಳ್ಳುವಾಗ ಏನನ್ನು ಪರೀಕ್ಷಿಸಬೇಕು ಎಂದು ಗೊತ್ತಿಲ್ಲದಿದ್ದರೆ, ಚಿತ್ರ ಚೆನ್ನಾಗಿದೆ ಎಂದು ಬಿಲ್ ಪಾವತಿಸಿ ಸುಮ್ಮನಾಗುತ್ತೇವೆ.

ಜಗಳದ ಕಾಲ

1991ರಲ್ಲಿ ಟಿಮ್ ಬರ್ನರ್ಸ್-ಲೀ ಜಿನೀವಾ ಬಳಿಯ ಸರ್ನ್ ಸಂಸ್ಥೆಯಿಂದ ಎಚ್‌ಟಿಎಂಎಲ್‌ನ ಮೊದಲ ವಿವರಣೆ ಕೊಟ್ಟಾಗ ಅದರಲ್ಲಿದ್ದದ್ದು ಹದಿನೆಂಟು ಟ್ಯಾಗುಗಳು ಮಾತ್ರ. 1994ರಲ್ಲಿ ನೆಟ್‌ಸ್ಕೇಪ್, ಮರುವರ್ಷ ಮೈಕ್ರೋಸಾಫ್ಟ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಬಂದ ಮೇಲೆ ಎರಡೂ ಕಂಪನಿಗಳು ತಮಗೆ ಬೇಕಾದ ಟ್ಯಾಗುಗಳನ್ನು ತಾವೇ ಸೇರಿಸತೊಡಗಿದವು. ಅಕ್ಷರಗಳನ್ನು ಮಿನುಗಿಸುವ ಬ್ಲಿಂಕ್ ನೆಟ್‌ಸ್ಕೇಪ್‌ನದು, ಸಾಲನ್ನು ಓಡಿಸುವ ಮಾರ್ಕೀ ಮೈಕ್ರೋಸಾಫ್ಟ್‌ನದು. 1994ರ ಅಕ್ಟೋಬರ್‌ನಲ್ಲಿ ಹುಟ್ಟಿದ ಡಬ್ಲ್ಯು3ಸಿ ಒಕ್ಕೂಟ ಮಾನಕಗಳನ್ನು ಪ್ರಕಟಿಸುತ್ತಿದ್ದರೂ ಅವನ್ನು ಪೂರ್ತಿ ಪಾಲಿಸಲೇಬೇಕೆಂಬ ಒತ್ತಾಯ ಯಾರ ಮೇಲೂ ಇರಲಿಲ್ಲ.

ಆ ಕಾಲದ ಒಂದು ತಪ್ಪು ಇಂದಿಗೂ ನಮ್ಮನ್ನು ಮುಟ್ಟುತ್ತದೆ. ಒಂದು ಚೌಕದ ಅಗಲ ಇಷ್ಟು ಎಂದು, ಪುಟದ ಅಂದ ಗೊತ್ತುಮಾಡುವ ಸಿಎಸ್‌ಎಸ್‌ನಲ್ಲಿ ಬರೆದರೆ ಅದು ಒಳಗಿನ ಬರಹದ ಅಗಲ; ಸುತ್ತಲಿನ ಅಂತರ ಮತ್ತು ಅಂಚು ಅದರ ಹೊರಗೆ ಎಂದು ಮಾನಕ ಹೇಳಿತ್ತು. ಎಕ್ಸ್‌ಪ್ಲೋರರ್ 5 ಎಲ್ಲವನ್ನೂ ಆ ಅಗಲದೊಳಗೇ ಎಣಿಸಿತು. ಲಕ್ಷಾಂತರ ಪುಟಗಳು ಆ ತಪ್ಪು ಲೆಕ್ಕವನ್ನೇ ನೆಚ್ಚಿಕೊಂಡು ತಯಾರಾದವು. ಆಮೇಲೆ ತಪ್ಪು ತಿದ್ದೋಣವೆಂದರೆ ಆ ಪುಟಗಳೆಲ್ಲ ಕೆಡುತ್ತವೆ. ಇದಕ್ಕೆ ಕಂಡುಕೊಂಡ ದಾರಿ ಜಾಣತನದ್ದು: ಪುಟದ ಮೊದಲ ಸಾಲಿನಲ್ಲಿ ಡಾಕ್‌ಟೈಪ್ ಘೋಷಣೆ ಸರಿಯಾಗಿದ್ದರೆ ಮಾನಕದಂತೆ ತೋರಿಸು, ಇಲ್ಲದಿದ್ದರೆ ಹಳೆಯ ಕಾಲದ ಪುಟವೆಂದು ಬಗೆದು ಹಳೆಯ ರೀತಿಯಲ್ಲೇ ತೋರಿಸು. 2000ದಲ್ಲಿ ಮ್ಯಾಕ್‌ಗೆ ಬಂದ ಎಕ್ಸ್‌ಪ್ಲೋರರ್ 5ರಿಂದ ಮೊದಲಾದ ಈ ಏರ್ಪಾಡು ಇಂದಿನ ಎಲ್ಲ ಬ್ರೌಸರ್‌ಗಳಲ್ಲೂ ಇದೆ. ಆ ಹಳೆಯ ರೀತಿಗೆ ಕ್ವರ್ಕ್ಸ್ ಮೋಡ್ ಎಂದು ಹೆಸರು. ಇಂದು ಬರೆದ ಪುಟದಲ್ಲಿ ಡಾಕ್‌ಟೈಪ್ ಬಿಟ್ಟುಹೋದರೆ, ಇಂದಿನ ಕ್ರೋಮ್ ಕೂಡ ಅದನ್ನು ಕಾಲು ಶತಮಾನದ ಹಿಂದಿನ ಪುಟವೆಂದೇ ತೋರಿಸುತ್ತದೆ.

ಈ ಜಗಳದಲ್ಲಿ ಕನ್ನಡ ತೆತ್ತ ಬೆಲೆ ದೊಡ್ಡದು. ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಕೊಟ್ಟ ಯೂನಿಕೋಡ್ ಬಳಕೆಗೆ ಬರುವ ಮುನ್ನ, ಇಂಗ್ಲಿಷ್ ಅಕ್ಷರಗಳ ಸಂಕೇತದ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳಿದ್ದವು. ಓದುಗರ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇರಬೇಕಿತ್ತು. ಈ ತೊಡಕು ತಪ್ಪಿಸಲು ಪುಟದ ಜೊತೆಗೇ ಫಾಂಟ್ ಕಳಿಸುವ ‘ಡೈನಮಿಕ್ ಫಾಂಟ್’ ತಂತ್ರ ಬಂದಿತು. ಆದರೆ ನೆಟ್‌ಸ್ಕೇಪ್ 4ಕ್ಕೆ ಪಿಎಫ್‌ಆರ್ ಎಂಬ ಮಾದರಿ, ಎಕ್ಸ್‌ಪ್ಲೋರರ್‌ಗೆ ಇಒಟಿ ಎಂಬ ಬೇರೆ ಮಾದರಿ. ನೆಟ್‌ಸ್ಕೇಪ್ ನೆಲಕಚ್ಚಿದ ಮೇಲೆ ಅನೇಕ ಕನ್ನಡ ತಾಣಗಳು ಇಒಟಿಯೊಂದನ್ನೇ ನಂಬಿದವು. 2004ರ ನವೆಂಬರ್‌ನಲ್ಲಿ ಫೈರ್‌ಫಾಕ್ಸ್ 1.0 ಬಂದಾಗ ಅದರಲ್ಲಿ ಈ ತಾಣಗಳನ್ನು ತೆರೆದವರಿಗೆ ಕಂಡದ್ದು ಕಲಸುಮೇಲೋಗರ. ಕಾಣದಿದ್ದದ್ದಷ್ಟೇ ಅಲ್ಲ, ಒಳಗೆ ಕನ್ನಡದ ಸಂಕೇತವೇ ಇಲ್ಲದ್ದರಿಂದ ಹುಡುಕು ಯಂತ್ರಗಳಿಗೂ ಆ ಬರಹಗಳು ಸಿಗಲಿಲ್ಲ. ಹಾಗೆ ಬರೆದಿಟ್ಟದ್ದರಲ್ಲಿ ಎಷ್ಟೋ ಲೇಖನ, ಸಂದರ್ಶನ, ವರದಿಗಳು ಇಂದು ಯಾರಿಗೂ ಓದಲು ಸಿಗದಂತಾಗಿವೆ. ಒಂದೇ ಕಂಪನಿಯ ಬ್ರೌಸರನ್ನು ನೆಚ್ಚಿಕೊಂಡರೆ ಭಾಷೆಗೆ ಏನಾಗುತ್ತದೆ ಎಂಬುದನ್ನು ನಾವು ಕಣ್ಣಾರೆ ಕಂಡವರು. ಎಲ್ಲ ಬ್ರೌಸರ್‌ಗಳೂ ಒಪ್ಪಿದ ವೆಬ್ ಫಾಂಟ್ ಮಾದರಿ ವಾಫ್, ಡಬ್ಲ್ಯು3ಸಿಯ ಅಧಿಕೃತ ಶಿಫಾರಸಾದದ್ದು 2012ರ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಒಂದು ದಶಕ ಕಳೆದುಹೋಗಿತ್ತು.

ಒಮ್ಮತ ಬಂದ ಬಗೆ

2004ರಲ್ಲಿ ಆಪಲ್, ಫೈರ್‌ಫಾಕ್ಸ್ ತಯಾರಿಸುವ ಮೊಜಿಲ್ಲಾ ಮತ್ತು ಒಪೆರಾದ ತಂತ್ರಜ್ಞರು ಸೇರಿ ವಾಟ್‌ಡಬ್ಲ್ಯುಜಿ ಎಂಬ ಗುಂಪು ಕಟ್ಟಿದರು. ಅವರು ಮಾಡಿದ ಅತಿ ದೊಡ್ಡ ಕೆಲಸ ಹೊಸ ಟ್ಯಾಗುಗಳನ್ನು ತಂದದ್ದಲ್ಲ. ತಪ್ಪಾಗಿ ಬರೆದ ಎಚ್‌ಟಿಎಂಎಲನ್ನು ಬ್ರೌಸರ್ ಹೇಗೆ ಓದಬೇಕು ಎಂಬುದನ್ನೂ ಅಕ್ಷರ ಅಕ್ಷರವಾಗಿ ಬರೆದಿಟ್ಟದ್ದು. ಅಲ್ಲಿಯವರೆಗೆ ಮುಚ್ಚದೆ ಬಿಟ್ಟ ಟ್ಯಾಗನ್ನು ಒಂದೊಂದು ಬ್ರೌಸರ್ ಒಂದೊಂದು ಬಗೆಯಲ್ಲಿ ಊಹಿಸಿಕೊಳ್ಳುತ್ತಿತ್ತು. ಈಗ ತಪ್ಪಿಗೂ ಒಂದೇ ಅರ್ಥ. ಎಚ್‌ಟಿಎಂಎಲ್5 ಅನ್ನು ಡಬ್ಲ್ಯು3ಸಿ 2014ರ ಅಕ್ಟೋಬರ್ 28ರಂದು ಶಿಫಾರಸಾಗಿ ಪ್ರಕಟಿಸಿತು. 2019ರ ಮೇ ತಿಂಗಳಲ್ಲಿ ಎರಡೂ ಸಂಸ್ಥೆಗಳು ಒಪ್ಪಂದಕ್ಕೆ ಬಂದವು. ಅಂದಿನಿಂದ ವಾಟ್‌ಡಬ್ಲ್ಯುಜಿಯ ಸದಾ ತಿದ್ದುಪಡಿಯಾಗುವ ಪಠ್ಯವೇ ಎಚ್‌ಟಿಎಂಎಲ್‌ನ ಏಕೈಕ ಮಾನಕ. ಆದ್ದರಿಂದ ‘ಎಚ್‌ಟಿಎಂಎಲ್ 6 ಯಾವಾಗ’ ಎಂದು ಕಾಯಬೇಕಿಲ್ಲ.

ಪಾಲನೆಯನ್ನು ಅಳೆಯುವ ಬಗೆಯೂ ಮಾಗಿದೆ. 2005ರ ಆ್ಯಸಿಡ್2, 2008ರ ಆ್ಯಸಿಡ್3 ಪರೀಕ್ಷೆಗಳಲ್ಲಿ ಯಾವ ಬ್ರೌಸರ್ ಪಾಸಾಯಿತು ಎಂಬುದು ಆಗ ಸುದ್ದಿಯಾಗುತ್ತಿತ್ತು. ಈಗ ವೆಬ್ ಪ್ಲಾಟ್‌ಫಾರ್ಮ್ ಟೆಸ್ಟ್ಸ್ ಎಂಬ ಸಾಮೂಹಿಕ ಭಂಡಾರದಲ್ಲಿ ಲಕ್ಷಾಂತರ ಸಣ್ಣ ಪರೀಕ್ಷೆಗಳಿವೆ. 2022ರಿಂದ ಪ್ರತಿ ವರ್ಷ ಇಂಟರಾಪ್ ಯೋಜನೆಯಡಿ ಆಪಲ್, ಗೂಗಲ್, ಮೈಕ್ರೋಸಾಫ್ಟ್, ಮೊಜಿಲ್ಲಾಗಳು ಒಟ್ಟಿಗೆ ಕುಳಿತು ಆ ವರ್ಷ ಯಾವ ಯಾವ ಭಿನ್ನತೆಗಳನ್ನು ಅಳಿಸಬೇಕು ಎಂದು ಗೊತ್ತುಮಾಡುತ್ತವೆ. ಹಳೆಯ ಜಗಳದಿಂದ ಉಳಿದುಬಂದಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೆ 2022ರ ಜೂನ್ 15ರಂದು ನಿವೃತ್ತಿಯಾಯಿತು.

ಹೆಸರು ಹಲವು, ಎಂಜಿನ್ ಮೂರು

ಪರೀಕ್ಷೆಗೆ ಇಳಿಯುವ ಮುನ್ನ ಇದನ್ನು ತಿಳಿದುಕೊಳ್ಳಿ. ಪುಟವನ್ನು ಚಿತ್ರಿಸುವ ಕೆಲಸ ಬ್ರೌಸರ್‌ನ ಒಳಗಿರುವ ಎಂಜಿನ್‌ನದು. ಇಂದು ವ್ಯಾಪಕ ಬಳಕೆಯಲ್ಲಿರುವ ಎಂಜಿನ್‌ಗಳು ಮೂರೇ. ಕ್ರೋಮ್, ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ, ಸ್ಯಾಮ್‌ಸಂಗ್ ಇಂಟರ್ನೆಟ್ ಎಲ್ಲದರ ಒಳಗೂ ಬ್ಲಿಂಕ್ ಎಂಬ ಎಂಜಿನ್. ಸಫಾರಿಯೊಳಗೆ ವೆಬ್‌ಕಿಟ್. ಫೈರ್‌ಫಾಕ್ಸ್‌ನೊಳಗೆ ಗೆಕೊ. ಕ್ರೋಮ್, ಎಡ್ಜ್, ಬ್ರೇವ್ ಮೂರರಲ್ಲೂ ತೆರೆದು ನೋಡಿದೆ ಎನ್ನುವವರು ಪರೀಕ್ಷಿಸಿರುವುದು ಒಂದನ್ನೇ.

ಐಫೋನ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಭಾರತದಲ್ಲಿ ಮಾರುವ ಐಫೋನ್‌ಗಳಲ್ಲಿ ಕ್ರೋಮ್ ಹಾಕಿಕೊಂಡರೂ ಫೈರ್‌ಫಾಕ್ಸ್ ಹಾಕಿಕೊಂಡರೂ ಒಳಗಿರುವುದು ವೆಬ್‌ಕಿಟ್ಟೇ, ಅದು ಆಪಲ್‌ನ ನಿಯಮ. ಐರೋಪ್ಯ ಒಕ್ಕೂಟದಲ್ಲಿ 2024ರ ಮಾರ್ಚ್‌ನಿಂದ ಕಾನೂನಿನ ಬಲದಿಂದ ಇದಕ್ಕೆ ವಿನಾಯಿತಿ ಸಿಕ್ಕಿದೆ. ಹಾಗಾಗಿ ಫೈರ್‌ಫಾಕ್ಸ್ ಪರೀಕ್ಷೆಯನ್ನು ಕಂಪ್ಯೂಟರಿನಲ್ಲೋ ಆಂಡ್ರಾಯ್ಡ್‌ನಲ್ಲೋ ಮಾಡಬೇಕು. ಮನೆಯಲ್ಲಿ ಯಾರ ಬಳಿಯೂ ಐಫೋನ್, ಮ್ಯಾಕ್ ಇಲ್ಲವೆಂದರೆ ಲಿನಕ್ಸ್‌ನಲ್ಲಿ ಗ್ನೋಮ್ ವೆಬ್ ಎಂಬ ಉಚಿತ ಬ್ರೌಸರ್ ಹಾಕಿಕೊಳ್ಳಿ. ಅದರೊಳಗೂ ವೆಬ್‌ಕಿಟ್ ಇದೆ. ಸಫಾರಿಯ ಪೂರ್ತಿ ಬದಲಿ ಅಲ್ಲದಿದ್ದರೂ ದೊಡ್ಡ ತಪ್ಪುಗಳು ಅದರಲ್ಲಿ ಕಾಣಸಿಗುತ್ತವೆ.

ಪುಟದ ತಲೆಯಲ್ಲಿ ಇರಬೇಕಾದ ನಾಲ್ಕು ಸಾಲು

ಮೊದಲನೆಯದು ಡಾಕ್‌ಟೈಪ್. ಅದಕ್ಕಿಂತ ಮುಂಚೆ ಬೇರೇನೂ ಬರೆಯದಿರುವುದೇ ಕ್ಷೇಮ. ಇದು ಸರಿಯಿದೆಯೇ ಎಂದು ನೋಡಲು ಫೈರ್‌ಫಾಕ್ಸ್‌ನಲ್ಲಿ ಪುಟ ತೆರೆದು ಕಂಟ್ರೋಲ್ ಮತ್ತು ಐ ಒತ್ತಿ. ‘ಪೇಜ್ ಇನ್ಫೋ’ ಕಿಟಕಿಯಲ್ಲಿ ರೆಂಡರ್ ಮೋಡ್ ಎಂಬ ಸಾಲಿನ ಎದುರು ಕ್ವರ್ಕ್ಸ್ ಎಂದಿದ್ದರೆ ಡಾಕ್‌ಟೈಪ್ ತಪ್ಪಿದೆ ಎಂದರ್ಥ.

ಎರಡನೆಯದು ಅಕ್ಷರ ಸಂಕೇತ ಯುಟಿಎಫ್-8 ಎಂದು ಸಾರುವ ಮೆಟಾ ಟ್ಯಾಗ್. ಕನ್ನಡದವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಈ ಸಾಲು ಪುಟದ ಮೊದಲ 1024 ಬೈಟುಗಳ ಒಳಗೇ ಇರಬೇಕೆಂದು ಮಾನಕ ವಿಧಿಸುತ್ತದೆ. ಇಂಗ್ಲಿಷಿನಲ್ಲಿ ಅಕ್ಷರಕ್ಕೊಂದು ಬೈಟ್. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್, ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಆರು ಸಂಕೇತ, ಹದಿನೆಂಟು ಬೈಟ್. ಪುಟದ ಶೀರ್ಷಿಕೆ, ವಿವರಣೆ, ಸಂಸ್ಥೆಯ ಪರಿಚಯ ಎಲ್ಲವನ್ನೂ ಕನ್ನಡದಲ್ಲಿ ಮೇಲೆ ಬರೆದು ಸಂಕೇತದ ಸಾಲನ್ನು ಕೆಳಗಿಟ್ಟರೆ ಮಿತಿ ದಾಟಿಬಿಡುವುದು ಸುಲಭ. ಹೆಡ್ ಟ್ಯಾಗ್ ತೆರೆದ ಕೂಡಲೇ, ಶೀರ್ಷಿಕೆಗೂ ಮೊದಲು, ಈ ಸಾಲನ್ನು ಇಡಿ. ಸರ್ವರ್ ತಾನಾಗಿ ಬೇರೆ ಸಂಕೇತ ಹೇಳುತ್ತಿದ್ದರೆ ಅದೇ ಗೆಲ್ಲುತ್ತದೆ. ಆದ್ದರಿಂದ ಅಲ್ಲಿಯೂ ಯುಟಿಎಫ್-8 ಎಂದೇ ಇದೆಯೇ ಎಂದು ಸರ್ವರ್ ನೋಡಿಕೊಳ್ಳುವವರನ್ನು ಕೇಳಿ.

ಮೂರನೆಯದು ವ್ಯೂಪೋರ್ಟ್. 2007ರಲ್ಲಿ ಐಫೋನ್ ಜೊತೆ ಆಪಲ್ ತಂದ ಈ ಮೆಟಾ ಟ್ಯಾಗನ್ನು ಉಳಿದವರೂ ಅಳವಡಿಸಿಕೊಂಡರು. ಇದಿಲ್ಲದಿದ್ದರೆ ಫೋನು ಪುಟವನ್ನು ಕಂಪ್ಯೂಟರ್ ಪರದೆಯಷ್ಟು ಅಗಲಕ್ಕೆ ಹರಡಿ, ಆಮೇಲೆ ಕುಗ್ಗಿಸಿ ತೋರಿಸುತ್ತದೆ. ಕನ್ನಡದ ಒತ್ತುಗಳು ಇರುವೆ ಸಾಲಿನಂತೆ ಕಾಣುತ್ತವೆ. ಓದುಗರು ಹಿಗ್ಗಿಸಿ ನೋಡುವುದನ್ನು ತಡೆಯುವ ಸೂಚನೆಯನ್ನು ಕೆಲವರು ಇದರಲ್ಲೇ ಸೇರಿಸುತ್ತಾರೆ. ಕಣ್ಣು ಮಂಜಾದ ಹಿರಿಯರಿಗೆ ಅದು ಅನ್ಯಾಯ, ಕಂಡಲ್ಲಿ ತೆಗೆಸಿ.

ನಾಲ್ಕನೆಯದು ಭಾಷೆ. ಎಚ್‌ಟಿಎಂಎಲ್ ಟ್ಯಾಗಿನ ಲ್ಯಾಂಗ್ ಗುಣಕ್ಕೆ ‘ಕೆಎನ್’ ಎಂಬ ಎರಡಕ್ಷರದ ಸಂಕೇತ ಕೊಡಬೇಕು. ಇಂಗ್ಲಿಷ್ ಪುಟದ ನಕಲು ಮಾಡಿ ಕನ್ನಡ ತುಂಬಿದ ತಾಣಗಳಲ್ಲಿ ಇದು ಇಂಗ್ಲಿಷ್ ಎಂದೇ ಉಳಿದಿರುತ್ತದೆ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಆದರೆ ದೃಷ್ಟಿ ಇಲ್ಲದವರು ಬಳಸುವ ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ಯಾವ ಭಾಷೆಯ ಧ್ವನಿಯಲ್ಲಿ ಓದಬೇಕೆಂದು ತಿಳಿಯುವುದು ಇದರಿಂದಲೇ. ಅನುವಾದ ಸೌಲಭ್ಯಕ್ಕೂ ಸಾಲಿನ ಕೊನೆಯಲ್ಲಿ ಪದ ಒಡೆಯುವುದಕ್ಕೂ ಬ್ರೌಸರ್ ಇದನ್ನೇ ನೋಡುತ್ತದೆ.

ಕನ್ನಡ ಕೆಟ್ಟಿದ್ದರೆ ರೋಗ ಯಾವುದು?

ಕೆಟ್ಟ ಕನ್ನಡದಲ್ಲಿ ಮೂರು ಬಗೆ. ನೋಡಿದ ತಕ್ಷಣ ಕಾರಣ ಹೇಳಬಹುದು.

ತಲೆಯ ಮೇಲೆ ಓರೆಗೆರೆ ಇರುವ ಲ್ಯಾಟಿನ್ ‘ಎ’, ಅದರ ಪಕ್ಕದಲ್ಲಿ ವರ್ಗ ಸೂಚಿಸುವ ಪುಟ್ಟ 2 ಅಥವಾ ಘನ ಸೂಚಿಸುವ ಪುಟ್ಟ 3, ಇದೇ ಜೋಡಿ ಮತ್ತೆ ಮತ್ತೆ ಬರುತ್ತಿದ್ದರೆ ಬರಹ ಯೂನಿಕೋಡ್‌ನಲ್ಲೇ ಇದೆ, ಬ್ರೌಸರ್‌ಗೆ ಸಂಕೇತ ತಪ್ಪಾಗಿ ತಿಳಿದಿದೆ. ಕನ್ನಡದ ಎಲ್ಲ ಸಂಕೇತಗಳೂ ಯುಟಿಎಫ್-8ರಲ್ಲಿ ಒಂದೇ ಬೈಟಿನಿಂದ ಶುರುವಾಗಿ, ಎರಡನೆಯದು ಎರಡರಲ್ಲಿ ಒಂದಾಗಿರುವುದರಿಂದ ಈ ಗುರುತು ಹೀಗೆ ಕಾಣುತ್ತದೆ. ಮದ್ದು ಮೇಲೆ ಹೇಳಿದ ಎರಡನೆಯ ಸಾಲು.

ಖಾಲಿ ಚೌಕಗಳು ಕಂಡರೆ ಸಂಕೇತ ಸರಿಯಿದೆ, ಆ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ. ನೋಟೊ ಸಾನ್ಸ್ ಕನ್ನಡದಂಥ ಮುಕ್ತ ಫಾಂಟನ್ನು ವಾಫ್2 ಮಾದರಿಯಲ್ಲಿ ಪುಟದ ಜೊತೆಗೇ ಕೊಡಿ.

ಮೂರನೆಯದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಗೊತ್ತುಗುರಿಯಿಲ್ಲದೆ ಬೆರೆತ ಸಾಲು. ಅಚ್ಚಿನ ಕೆಲಸಕ್ಕೆ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ್ದನ್ನು ಹಾಗೇ ತಂದು ಅಂಟಿಸಿದ್ದಾರೆ. ಮದುವೆ ಪತ್ರಿಕೆಯಿಂದ ಕಚೇರಿ ಸುತ್ತೋಲೆಯವರೆಗೆ ಇನ್ನೂ ಈ ಫಾಂಟುಗಳು ಬಳಕೆಯಲ್ಲಿರುವುದರಿಂದ ಇದು ಇಂದಿಗೂ ಅತಿ ಸಾಮಾನ್ಯ. ಫಾಂಟ್ ಕಳಿಸಿ ತೋರಿಸುವ ಯೋಚನೆ ಬೇಡ, ಯೂನಿಕೋಡ್‌ಗೆ ಪರಿವರ್ತಿಸಿಯೇ ಹಾಕಬೇಕು. ಆ ತಂತ್ರಾಂಶಗಳಲ್ಲೇ ಪರಿವರ್ತಕ ಇದೆ. ಪರಿವರ್ತನೆಯಾದ ಮೇಲೆ ಅರ್ಕಾವೊತ್ತು, ಮೂರು ವ್ಯಂಜನ ಸೇರುವ ಒತ್ತಕ್ಷರ, ದೀರ್ಘಗಳನ್ನು ಕಣ್ಣಿಟ್ಟು ಓದಿ. ತಪ್ಪುಗಳು ಉಳಿದರೆ ಅಲ್ಲೇ ಉಳಿಯುವುದು.

ಮಾನಕ ಸರಿಯಿದ್ದರೂ ಕನ್ನಡದ ಅಂದ ಕೆಡುವ ಕೆಲವು ಜಾಗಗಳಿವೆ. ಸಾಲಿನ ಎತ್ತರವನ್ನು ಇಂಗ್ಲಿಷಿನ ಅಳತೆಗೆ ಕಟ್ಟಿಹಾಕಿದರೆ ಕೆಳಗಿನ ಒತ್ತುಗಳು ಮುಂದಿನ ಸಾಲಿಗೆ ತಾಗುತ್ತವೆ. ಅಕ್ಷರದ ಗಾತ್ರದ ಒಂದೂವರೆ ಪಟ್ಟಿಗಿಂತ ಕಡಿಮೆ ಮಾಡಬೇಡಿ. ಗುಂಡಿ, ಮೆನುಗಳಿಗೆ ನಿಗದಿತ ಎತ್ತರ ಕೊಟ್ಟು ಹೆಚ್ಚಾದದ್ದನ್ನು ಮರೆಮಾಡಿದರೆ ‘ಸಂಸ್ಥೆ’, ‘ವ್ಯವಸ್ಥೆ’ಗಳ ಬುಡ ಕತ್ತರಿಸುತ್ತದೆ. ಶೀರ್ಷಿಕೆಯಲ್ಲಿ ಅಕ್ಷರಗಳ ನಡುವೆ ಅಂತರ ಹೆಚ್ಚಿಸುವುದು ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಒಪ್ಪುವ ಅಲಂಕಾರ, ಕನ್ನಡಕ್ಕೆ ಬೇಡ. ಮೊದಲ ಅಕ್ಷರವನ್ನು ದೊಡ್ಡದು ಮಾಡುವ ಸಿಎಸ್‌ಎಸ್ ಸೌಲಭ್ಯವನ್ನು ‘ಸ್ತ್ರೀ’, ‘ಕ್ಷೇತ್ರ’ದಂಥ ಪದಗಳ ಮೇಲೆ ಮೂರೂ ಎಂಜಿನ್‌ಗಳಲ್ಲಿ ನೋಡದೆ ಬಳಸಬೇಡಿ, ಒತ್ತು ಒಂದೆಡೆ, ವ್ಯಂಜನ ಒಂದೆಡೆ ಆಗಬಹುದು. ‘ಸಾಫ್ಟ್‌ವೇರ್’ ಎಂಬಲ್ಲಿ ‘ವೇ’ ಒತ್ತಾಗಿ ಕೆಳಗಿಳಿಯದಂತೆ ತಡೆಯುವ ಕಣ್ಣಿಗೆ ಕಾಣದ ಸಂಕೇತವೊಂದಿದೆ. ಪುಟ ತಯಾರಿಸುವ ಕೆಲವು ಸಾಧನಗಳು ಅದನ್ನು ಕಸವೆಂದು ಅಳಿಸಿಬಿಡುತ್ತವೆ, ಪ್ರಕಟಿಸಿದ ಮೇಲೆ ಇನ್ನೊಮ್ಮೆ ನೋಡಿ. ಪಟ್ಟಿಗೆ ೧, ೨, ೩ ಎಂದು ಕನ್ನಡ ಅಂಕಿ ಬೇಕಿದ್ದರೆ ಕೈಯಿಂದ ಬರೆಯಬೇಕಿಲ್ಲ. ಪಟ್ಟಿಯ ಶೈಲಿಗೆ ‘ಕನ್ನಡ’ ಎಂದೇ ಹೆಸರಿರುವ ಸಿದ್ಧ ಆಯ್ಕೆ ಸಿಎಸ್‌ಎಸ್ ಮಾನಕದಲ್ಲೇ ಇದೆ.

ಪರೀಕ್ಷಿಸುವುದು, ಹೊಸದನ್ನು ಬಳಸುವುದು

ಡಬ್ಲ್ಯು3ಸಿಯ ವ್ಯಾಲಿಡೇಟರ್ ಉಚಿತ. ಪುಟದ ವಿಳಾಸ ಕೊಟ್ಟರೆ ತಪ್ಪುಗಳ ಪಟ್ಟಿ ಬರುತ್ತದೆ. ಮೊದಲ ಸಲ ಪಟ್ಟಿ ಉದ್ದವಿದ್ದರೆ ಗಾಬರಿ ಬೇಡ. ಮೇಲಿನ ಒಂದನ್ನು ತಿದ್ದಿ ಮತ್ತೆ ಓಡಿಸಿ, ಅದರಿಂದ ಹುಟ್ಟಿದ ಹತ್ತು ತಪ್ಪುಗಳು ತಾವಾಗಿ ಮಾಯವಾಗುತ್ತವೆ. ತಪ್ಪಿದ್ದರೂ ಬ್ರೌಸರ್‌ಗಳು ಒಂದೇ ಬಗೆಯಲ್ಲಿ ತೋರಿಸುತ್ತವಲ್ಲ, ತಿದ್ದುವುದೇಕೆ ಎಂದು ಕೇಳಬಹುದು. ಒಂದೇ ಬಗೆಯಲ್ಲಿ ತೋರಿಸುತ್ತವೆ, ಆದರೆ ನೀವು ಅಂದುಕೊಂಡ ಬಗೆಯಲ್ಲಿ ಅಲ್ಲ. ಕೋಷ್ಟಕದ ಮನೆಯ ಹೊರಗೆ, ಕೋಷ್ಟಕದ ಒಳಗೆ, ನೇರವಾಗಿ ಬರೆದ ವಾಕ್ಯವನ್ನು ಬ್ರೌಸರ್ ಎತ್ತಿ ಕೋಷ್ಟಕದ ಮೇಲೆ ಇಡುತ್ತದೆ. ಅದು ಮಾನಕದ ನಿಯಮವೇ. ದರಪಟ್ಟಿಯ ಕೆಳಗಿರಬೇಕಾದ ಷರತ್ತು ತಲೆಯ ಮೇಲೆ ಬಂದು ಕೂರುವುದು ಹೀಗೆ.

ಹೊಸ ಸೌಲಭ್ಯ ಬಳಸುವ ಮುನ್ನ ‘ಕ್ಯಾನ್ ಐ ಯೂಸ್’ ತಾಣದಲ್ಲೋ ಮೊಜಿಲ್ಲಾದ ಎಂಡಿಎನ್‌ನಲ್ಲೋ ಅದರ ಹೆಸರು ಹುಡುಕಿ. 2023ರಿಂದ ಬೇಸ್‌ಲೈನ್ ಎಂಬ ಗುರುತು ಇದನ್ನು ಸರಳಗೊಳಿಸಿದೆ. ಎಲ್ಲ ಮುಖ್ಯ ಬ್ರೌಸರ್‌ಗಳಲ್ಲೂ ಬಂದು ಮೂವತ್ತು ತಿಂಗಳು ಕಳೆದ ಸೌಲಭ್ಯಕ್ಕೆ ‘ವ್ಯಾಪಕವಾಗಿ ಲಭ್ಯ’ ಎಂಬ ದರ್ಜೆ. ಸಾರ್ವಜನಿಕರು ಬಳಸುವ ಪುಟಕ್ಕೆ ನಾನು ಆ ದರ್ಜೆಯನ್ನೇ ಸಲಹೆ ಮಾಡುತ್ತೇನೆ, ಏಕೆಂದರೆ ನಮ್ಮಲ್ಲಿ ಹಳೆಯ ಫೋನುಗಳು ಕೈಯಿಂದ ಕೈಗೆ ಹೋಗುತ್ತ ವರ್ಷಗಟ್ಟಲೆ ಬಾಳುತ್ತವೆ. ಡೈಲಾಗ್ ಟ್ಯಾಗನ್ನೇ ನೋಡಿ: ಕ್ರೋಮ್‌ಗೆ 2014ರಲ್ಲಿ ಬಂದರೆ ಫೈರ್‌ಫಾಕ್ಸ್, ಸಫಾರಿಗಳಿಗೆ ಬಂದದ್ದು 2022ರ ಮಾರ್ಚ್‌ನಲ್ಲಿ. ನಡುವಿನ ಏಳೆಂಟು ವರ್ಷ ಕ್ರೋಮ್ ಮಾತ್ರ ನೋಡಿ ಅದನ್ನು ಬಳಸಿದವರ ಪುಟ ಉಳಿದವರಲ್ಲಿ ಕೆಲಸ ಮಾಡಲಿಲ್ಲ. ಎಚ್‌ಟಿಎಂಎಲ್‌ನ ಒಂದು ಒಳ್ಳೆಯ ಗುಣವೆಂದರೆ ತಿಳಿಯದ ಟ್ಯಾಗ್ ಸಿಕ್ಕರೆ ಬ್ರೌಸರ್ ಮುರಿದು ಬೀಳುವುದಿಲ್ಲ, ಒಳಗಿನ ಬರಹವನ್ನು ತೋರಿಸುತ್ತದೆ. ತಿಳಿಯದ ಬಗೆಯ ಇನ್‌ಪುಟ್ ಸಿಕ್ಕರೆ ಸಾದಾ ಬರಹದ ಪೆಟ್ಟಿಗೆ ಕೊಡುತ್ತದೆ. ಮುಖ್ಯ ವಿಷಯ ಸಾದಾ ಎಚ್‌ಟಿಎಂಎಲ್‌ನಲ್ಲಿದ್ದು ಅಲಂಕಾರ ಅದರ ಮೇಲೆ ಕೂತಿದ್ದರೆ, ಅಲಂಕಾರ ಬಿದ್ದರೂ ವಿಷಯ ಉಳಿಯುತ್ತದೆ.

ಬ್ರೌಸರ್‌ನ ಹೆಸರು ಕೇಳಿ ದಾರಿ ಬದಲಿಸುವ ಕೋಡ್ ಮಾತ್ರ ಬೇಡ. ನೆಟ್‌ಸ್ಕೇಪ್‌ನ ‘ಮೊಜಿಲ್ಲಾ’ ಎಂಬ ಗುರುತಿಗೆ ಮಾತ್ರ ಸರ್ವರ್‌ಗಳು ಒಳ್ಳೆಯ ಪುಟ ಕೊಡುತ್ತಿದ್ದುದರಿಂದ ಎಕ್ಸ್‌ಪ್ಲೋರರ್ ತಾನೂ ಮೊಜಿಲ್ಲಾ ಎಂದು ಹೇಳಿಕೊಂಡಿತು. ಇಂದು ಕ್ರೋಮ್ ತನ್ನ ಪರಿಚಯದಲ್ಲಿ ಮೊಜಿಲ್ಲಾ, ವೆಬ್‌ಕಿಟ್, ಗೆಕೊ, ಸಫಾರಿ ಎಲ್ಲ ಹೆಸರನ್ನೂ ಹೇಳುತ್ತದೆ. 2009ರಲ್ಲಿ ಒಪೆರಾ 10 ಬಂದಾಗ, ಆವೃತ್ತಿಯ ಮೊದಲ ಅಂಕಿಯನ್ನಷ್ಟೇ ಓದುವ ತಾಣಗಳು ಅದನ್ನು 1 ಎಂದು ತಿಳಿದವು. ಅದಕ್ಕಾಗಿ ಅದು 9.80 ಎಂದು ಹೇಳಿಕೊಳ್ಳಬೇಕಾಯಿತು. ಈ ಸೌಲಭ್ಯ ನಿನ್ನಲ್ಲಿದೆಯೇ ಎಂದು ಬ್ರೌಸರನ್ನು ಕೇಳಿ. ಸಿಎಸ್‌ಎಸ್‌ನ ಸಪೋರ್ಟ್ಸ್ ನಿಯಮ ಇರುವುದೇ ಅದಕ್ಕೆ.

ಓದುಗರಾಗಿ ನೀವು ಮಾಡಬಹುದಾದದ್ದು

ಪುಟವೊಂದು ಕೆಟ್ಟಿದ್ದರೆ ಮೊದಲು ಬ್ರೌಸರ್‌ನ ಖಾಸಗಿ ಕಿಟಕಿಯಲ್ಲಿ ತೆರೆಯಿರಿ. ಅಲ್ಲಿ ಸರಿಯಿದ್ದರೆ ನಿಮ್ಮ ಎಕ್ಸ್‌ಟೆನ್ಷನ್ ಅಥವಾ ಹಳೆಯ ಕುಕಿ ಕಾರಣ. ಅಲ್ಲೂ ಕೆಟ್ಟಿದ್ದರೆ ಬೇರೆ ಎಂಜಿನ್ನಿನ ಬ್ರೌಸರಿನಲ್ಲಿ ನೋಡಿ. ‘ನಿಮ್ಮ ಬ್ರೌಸರ್ ಹಳೆಯದು, ಇಲ್ಲಿ ಒತ್ತಿ’ ಎಂದು ಪುಟದ ಮಧ್ಯೆ ತೇಲಿಬರುವ ಸೂಚನೆಯನ್ನು ಒತ್ತಬೇಡಿ. ಬ್ರೌಸರಿನ ಸೆಟ್ಟಿಂಗ್ಸ್ ಒಳಗಿಂದ ಅಥವಾ ಫೋನಿನ ಆ್ಯಪ್ ಸ್ಟೋರಿನಿಂದ ಮಾತ್ರ ನವೀಕರಿಸಿ. ಹಳೆಯ ಎಕ್ಸ್‌ಪ್ಲೋರರ್‌ನಲ್ಲೇ ತೆರೆಯುವ ಕಚೇರಿ ವ್ಯವಸ್ಥೆ ಅನಿವಾರ್ಯವಾದರೆ ಎಡ್ಜ್‌ನಲ್ಲಿ ಐಇ ಮೋಡ್ ಇದೆ, ಕನಿಷ್ಠ 2029ರವರೆಗೆ ಇರುತ್ತದೆ ಎಂದು ಮೈಕ್ರೋಸಾಫ್ಟ್ ಹೇಳಿದೆ. ಅದನ್ನು ಆ ಒಂದು ತಾಣಕ್ಕೆ ಮಾತ್ರ ಬಳಸಿ.

ಆಮೇಲೆ ತಾಣದವರಿಗೆ ಬರೆಯಿರಿ. ಸುಮ್ಮನೆ ‘ಬರುತ್ತಿಲ್ಲ’ ಎಂದರೆ ಅವರಿಗೂ ಏನೂ ತಿಳಿಯುವುದಿಲ್ಲ. ಪುಟದ ವಿಳಾಸ, ಬ್ರೌಸರ್‌ನ ಹೆಸರು ಮತ್ತು ಆವೃತ್ತಿ, ಫೋನ್ ಅಥವಾ ಕಂಪ್ಯೂಟರ್, ಏನು ಕಾಣಬೇಕಿತ್ತು, ಏನು ಕಂಡಿತು, ಒಂದು ಸ್ಕ್ರೀನ್‌ಶಾಟ್ ಇಷ್ಟಿರಲಿ. ಸರ್ಕಾರಿ ತಾಣವಾದರೆ ಕೇಂದ್ರ ಸರ್ಕಾರದ ಜಿಐಜಿಡಬ್ಲ್ಯು ಮಾರ್ಗಸೂಚಿಯನ್ನು ಹೆಸರಿಸಿ ಬರೆಯಿರಿ. 2009ರಲ್ಲಿ ಮೊದಲು ಬಂದ ಅದರ ಮೂರನೆಯ ಆವೃತ್ತಿ 2023ರದು, ಅಂಗವಿಕಲರೂ ಸೇರಿ ಎಲ್ಲರಿಗೂ ತಾಣ ಬಳಸಲು ಬರಬೇಕೆಂಬುದು ಅದರ ಆಶಯ. ತಪ್ಪು ಬ್ರೌಸರಿನದೇ ಎಂದು ಖಚಿತವಾದರೆ ಮೊಜಿಲ್ಲಾದ ಬಗ್‌ಜಿಲ್ಲಾ, ಕ್ರೋಮಿಯಂ ಮತ್ತು ವೆಬ್‌ಕಿಟ್‌ನ ದೂರು ವ್ಯವಸ್ಥೆಗಳು ಯಾರಿಗೂ ತೆರೆದಿವೆ. ಎಚ್‌ಟಿಎಂಎಲ್ ಮಾನಕದ ಪಠ್ಯದ ಬಗ್ಗೆಯೇ ಆಕ್ಷೇಪವಿದ್ದರೆ ಗಿಟ್‌ಹಬ್‌ನಲ್ಲಿ ವಾಟ್‌ಡಬ್ಲ್ಯುಜಿಯವರ ಮುಂದಿಡಬಹುದು. ಕನ್ನಡದ ಒತ್ತು ಕತ್ತರಿಸಿದೆ ಎಂದು ಬರೆಯುವಾಗ ಆ ಒಂದು ಪದ ಮಾತ್ರ ಇರುವ ಪುಟ್ಟ ಪುಟ ಮಾಡಿ ಲಗತ್ತಿಸಿ, ಸರಿಯಾದ ರೂಪದ ಚಿತ್ರವನ್ನೂ ಪಕ್ಕದಲ್ಲಿಡಿ. ಕನ್ನಡ ಓದಲು ಬಾರದ ತಂತ್ರಜ್ಞರಿಗೆ ತಪ್ಪು ಯಾವುದು, ಸರಿ ಯಾವುದು ಎಂದು ಆಗ ತಿಳಿಯುತ್ತದೆ.